ಮೊದಲು ಪೆಲೆಟ್, ಆಮೇಲೆ ಒಲೆ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಹೊಲಗಳಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಉಳಿಯುವುದು ಹತ್ತಿಕಟಗಿ. ಅದರಲ್ಲಿ ಒಂದಿಷ್ಟು ಹಿತ್ತಲಿಗೆ ಬಂದು ಬಣವೆಯಾಗುತ್ತದೆ, ಒಂದಿಷ್ಟು ಬೇಲಿಗೆ ಹೋಗುತ್ತದೆ, ಉಳಿದದ್ದಕ್ಕೆ ಹೊಲದಲ್ಲೇ ಬೆಂಕಿ ಬೀಳುತ್ತದೆ. ಇದೇ ಊರುಗಳ ಖಾನಾವಳಿಗಳು, ಹಾಸ್ಟೆಲ್ ಅಡುಗೆಮನೆಗಳು, ಮದುವೆ ಅಡುಗೆಯವರು ಸಿಲಿಂಡರಿನ ದರ ಏರಿದಾಗಲೆಲ್ಲ ಬೇರೆ ಉರುವಲು ಯಾವುದಿದೆ ಎಂದು ಕೇಳುತ್ತಾರೆ. ಆಗ ಬರುವ ಉತ್ತರಗಳಲ್ಲಿ ಪೆಲೆಟ್ ಒಂದು. ಕಟ್ಟಿಗೆಯನ್ನೋ ಬೆಳೆಯ ಉಳಿಕೆಯನ್ನೋ ನುಣ್ಣಗೆ ಪುಡಿ ಮಾಡಿ, ಅಚ್ಚಿನ ತೂತುಗಳ ಮೂಲಕ ಭಾರಿ ಒತ್ತಡದಲ್ಲಿ ಹೊರತಳ್ಳಿದಾಗ ಬರುವ, 6ರಿಂದ 8 ಮಿ.ಮೀ. ದಪ್ಪದ ಉರುವಲು ಗುಳಿಗೆಯೇ ಪೆಲೆಟ್. ಅಂಗಡಿಯವರು ತೋರಿಸುವುದು ಒಲೆಯನ್ನು; ಅದರ ಹೊಳಪು, ಫ್ಯಾನು, ಉರಿಯ ಬಣ್ಣವನ್ನು. ಕೊಳ್ಳುವವರು ನೋಡಬೇಕಾದದ್ದು ಅದಕ್ಕೆ ಹಾಕುವ ಪೆಲೆಟನ್ನು. ಒಳ್ಳೆಯ ಪೆಲೆಟ್ ವರ್ಷವಿಡೀ ಎಲ್ಲಿಂದ ಬರುತ್ತದೆ, ಅದರಲ್ಲಿ ಬೂದಿ ಎಷ್ಟು, ತೇವ ಎಷ್ಟು, ಅದರ ಹೊಗೆ ಅಡುಗೆಗೆ ತಾಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾದ ಮೇಲೆಯೇ ಒಲೆಯ ಮಾತು.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಹುಟ್ಟಿದ ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್.ಎಸ್. ಮುಕುಂದ ಅವರ ತಂಡ ರೂಪಿಸಿದ ತಂತ್ರಜ್ಞಾನದಿಂದ ‘ಊರ್ಜಾ’ ಎಂಬ ಪೆಲೆಟ್ ಒಲೆ ತಯಾರಾಯಿತು. 2006ರ ಸುಮಾರಿಗೆ ಬಿ.ಪಿ. ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು, ಆಮೇಲೆ ಪುಣೆಯ ಫಸ್ಟ್ ಎನರ್ಜಿ ಸಂಸ್ಥೆ ಮುಂದುವರಿಸಿತು. ಸುಮಾರು 600 ಗ್ರಾಂ ಪೆಲೆಟ್ ತುಂಬಿ ಮೇಲಿನಿಂದ ಹೊತ್ತಿಸಿದರೆ, ಸಣ್ಣ ಫ್ಯಾನಿನ ಗಾಳಿಯಲ್ಲಿ ಒಂದು ತಾಸಿನಷ್ಟು ಹೊತ್ತು ಹೆಚ್ಚು ಹೊಗೆಯಿಲ್ಲದ ಉರಿ ಸಿಗುತ್ತಿತ್ತು. ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಒಲೆಗಳು ಮಾರಾಟವಾದವು. ಮುಖ್ಯ ತೊಡಕು ಒಲೆಯದ್ದಾಗಿರಲಿಲ್ಲ. ಆದರೆ ಕಬ್ಬಿನ ಸಿಪ್ಪೆ, ಶೇಂಗಾ ಸಿಪ್ಪೆಯಂಥ ಕಚ್ಚಾ ಮಾಲಿಗೆ ಕಾರ್ಖಾನೆಗಳ ಬಾಯ್ಲರುಗಳೂ ಗಿರಾಕಿಗಳಾದವು, ಪೆಲೆಟ್ ದರ ಏರಿತು, ಮನೆಗಳಿಗೆ ಅದು ಕೈಗೆಟುಕದಂತಾಯಿತು. ಕೊನೆಗೆ ಆ ವ್ಯಾಪಾರ ಮನೆಯ ಅಡುಗೆಯನ್ನು ಬಿಟ್ಟು ಹೋಟೆಲುಗಳ ದೊಡ್ಡ ಅಡುಗೆಮನೆಗಳ ಕಡೆ ತಿರುಗಿತು. ಪೆಲೆಟ್ ಹಾಕಲೆಂದೇ ಮಾಡಿದ ಒಲೆಗೆ ಪೆಲೆಟ್ ಸಿಗದಿದ್ದರೆ ಅದು ಮೂಲೆ ಸೇರುತ್ತದೆ. ಈಗ ಪೈಪೋಟಿ ಇನ್ನೂ ಹೆಚ್ಚಿದೆ. ಕಲ್ಲಿದ್ದಲ ವಿದ್ಯುತ್ ಸ್ಥಾವರಗಳು ಜೀವರಾಶಿಯ ಪೆಲೆಟನ್ನೂ ಬೆರೆಸಿ ಉರಿಸಬೇಕೆಂದು ಕೇಂದ್ರ ಇಂಧನ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ನೀತಿ ತಂದಿದೆ. ವಿಜಯಪುರ ಜಿಲ್ಲೆಯ ಕೂಡಗಿ, ರಾಯಚೂರು, ಬಳ್ಳಾರಿಯ ಸ್ಥಾವರಗಳು ನಮ್ಮ ಭಾಗಕ್ಕೆ ದೂರದವಲ್ಲ. ಆದ್ದರಿಂದ ಪೆಲೆಟ್ ಒಲೆ ಕೊಳ್ಳುವ ಖಾನಾವಳಿಯವರು ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಒಲೆಯ ದರ ಎಷ್ಟು ಎಂಬುದಲ್ಲ. ಬರುವ ಶ್ರಾವಣದಲ್ಲಿ ಇದೇ ಗುಣಮಟ್ಟದ ಪೆಲೆಟನ್ನು ಯಾವ ದರಕ್ಕೆ ಕೊಡುತ್ತೀರಿ ಎಂಬುದು.

ಗುಣಮಟ್ಟವನ್ನು ಅಳೆಯುವುದು ಹೇಗೆ? ಮಾರುವವರು ಶಾಖದ ಲೆಕ್ಕ ಹೇಳುತ್ತಾರೆ: ಕಿಲೊಗೆ 4,000 ಕಿಲೊಕ್ಯಾಲರಿ, 4,200 ಕಿಲೊಕ್ಯಾಲರಿ ಎಂದು. ಆ ಅಂಕಿ ನಮ್ಮನ್ನು ದೂರ ಒಯ್ಯುವುದಿಲ್ಲ. ಪೂರ್ತಿ ಒಣಗಿದ ಯಾವ ಕಟ್ಟಿಗೆಯಾದರೂ ತೂಕಕ್ಕೆ ತೂಕ ಹೆಚ್ಚುಕಡಿಮೆ ಅಷ್ಟೇ ಶಾಖ ಕೊಡುತ್ತದೆ. ವ್ಯತ್ಯಾಸ ಬರುವುದು ನೀರು ಮತ್ತು ಬೂದಿಯಿಂದ. ತೇವ ಇದ್ದಷ್ಟೂ ಉರಿ ಮೊದಲು ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ, ಹೊಗೆ ಹೆಚ್ಚುತ್ತದೆ. ಬೂದಿ ಎಂದರೆ ಉರಿಯದ ಮಾಲಿಗೆ ಕೊಟ್ಟ ಹಣ. ಅದು ಗಾಳಿಯ ತೂತುಗಳನ್ನು ಮುಚ್ಚುತ್ತದೆ, ಶಾಖ ಹೆಚ್ಚಾದಾಗ ಕರಗಿ ಕಿಟ್ಟವಾಗಿ ಒಲೆಯ ತಳಕ್ಕೆ ಅಂಟುತ್ತದೆ. ಯುರೋಪಿನಲ್ಲಿ ಮನೆಬಳಕೆಯ ಮರದ ಪೆಲೆಟಿಗೆ ಇರುವ ‘ಎನ್‌ಪ್ಲಸ್ ಎ1’ ದರ್ಜೆಯಲ್ಲಿ ಬೂದಿಯ ಮಿತಿ ಶೇ 0.7, ತೇವದ ಮಿತಿ ಶೇ 10. ಸ್ವಚ್ಛವಾದ ಹತ್ತಿಕಟಗಿಯಲ್ಲೇ ಬೂದಿ ಸುಮಾರು ಶೇ 3ರಿಂದ 6ರಷ್ಟು ಇರುತ್ತದೆ. ಹಾಗೆಂದು ಹತ್ತಿಕಟಗಿ ಪೆಲೆಟ್ ಕೆಟ್ಟದ್ದೆಂದಲ್ಲ. ಆ ಬೂದಿಯನ್ನು ತಾಳುವ, ದಿನವೂ ಬೂದಿ ತೆಗೆಯಲು ಬರುವ ಒಲೆ ಅದಕ್ಕೆ ಬೇಕು. ಇನ್ನು ವಿದ್ಯುತ್ ಸ್ಥಾವರಕ್ಕೆಂದು ಮಾಡಿದ ಪೆಲೆಟನ್ನು ಅಗ್ಗಕ್ಕೆ ಸಿಕ್ಕಿತೆಂದು ಅಡುಗೆಗೆ ತರಬೇಡಿ. ಭಾರಿ ಬಾಯ್ಲರಿಗೆ ಬೂದಿಯನ್ನು ಹೊರಹಾಕುವ ಯಂತ್ರವ್ಯವಸ್ಥೆ ಇದೆ, ಖಾನಾವಳಿಯ ಒಲೆಗೆ ಇಲ್ಲ.

ಪ್ರಯೋಗಾಲಯದ ಚೀಟಿ ಇಲ್ಲದೆಯೂ ಪರೀಕ್ಷೆ ಸಾಧ್ಯ. ಮಾದರಿಗೆ ತಂದ ಪೆಲೆಟಿನಲ್ಲಿ ಸರಿಯಾಗಿ 1 ಕಿಲೊ ತೂಗಿ, ಸ್ವಚ್ಛ ಮಾಡಿದ ಒಲೆಯಲ್ಲಿ ಇದ್ದಲೂ ಉಳಿಯದಂತೆ ಪೂರ್ತಿ ಉರಿಸಿ, ಆರಿದ ಬೂದಿಯನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ಒಳ್ಳೆಯ ಮರದ ಪೆಲೆಟಾದರೆ 10–15 ಗ್ರಾಂ ಮೀರುವುದಿಲ್ಲ. ಹತ್ತಿಕಟಗಿಯದಾದರೆ 60 ಗ್ರಾಂ ವರೆಗೆ ಒಪ್ಪಬಹುದು. 100 ಗ್ರಾಂ ದಾಟಿದರೆ ಅದರಲ್ಲಿ ಮಣ್ಣು ಬೆರೆತಿದೆ ಎಂದೇ ತಿಳಿಯಿರಿ. ಎರಡನೆಯ ಪರೀಕ್ಷೆಗೆ ಒಂದು ಗ್ಲಾಸ್ ನೀರು ಸಾಕು. ಗಟ್ಟಿಯಾಗಿ ಒತ್ತಿದ ಪೆಲೆಟ್ ಮುಳುಗುತ್ತದೆ, ಸಡಿಲವಾದದ್ದು ತೇಲುತ್ತದೆ. ಮುಳುಗಿದ್ದು ಸ್ವಲ್ಪ ಹೊತ್ತಿಗೆ ಉಬ್ಬಿ ಬಿಚ್ಚಿಕೊಂಡು ಹೊಟ್ಟಾಗಬೇಕು. ಕಟ್ಟಿಗೆಯಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಬಿಸಿಗೆ ಮೆತ್ತಗಾಗಿ ಪುಡಿಯನ್ನು ಹಿಡಿದಿಡುತ್ತದೆ. ಬೇರೆ ಅಂಟು ಬೇಕಿಲ್ಲ. ಎಷ್ಟು ನೆನೆದರೂ ಬಿಚ್ಚಿಕೊಳ್ಳದಿದ್ದರೆ ಏನನ್ನೋ ಸೇರಿಸಿದ್ದಾರೆಂಬ ಶಂಕೆಗೆ ಕಾರಣವಿದೆ. ಹೊಟ್ಟನ್ನು ಕದಡಿ ಬಿಟ್ಟಾಗ ತಳದಲ್ಲಿ ಕರಿಮಣ್ಣಿನ ಪದರ ಕೂತರೆ ಬೂದಿ ಏಕೆ ಹೆಚ್ಚಿತೆಂಬುದಕ್ಕೂ ಉತ್ತರ ಸಿಕ್ಕಿತು. ಚೀಲದ ತಳದಲ್ಲಿ ಪುಡಿ ಎಷ್ಟಿದೆ ಎಂದು ಕೈಹಾಕಿ ನೋಡಿ. ಪೆಲೆಟನ್ನು ಬೆರಳಲ್ಲಿ ಮುರಿದಾಗ ಟಕ್ಕೆಂದು ಸದ್ದಾಗಬೇಕು, ಹಿಸುಕಿದರೆ ಪುಡಿಯಾಗಬಾರದು. ಈ ಪರೀಕ್ಷೆಗಳಿಗೆ ಒಪ್ಪದ ಮಾರಾಟಗಾರರಿಂದ ಒಂದು ಚೀಲವನ್ನೂ ಕೊಳ್ಳಬೇಕಿಲ್ಲ.

ಮೂರೂ ತಾಲ್ಲೂಕುಗಳಿಗೆ ಹೊಂದುವ ಕಚ್ಚಾ ಮಾಲು ಯಾವುದೆಂದು ಕೇಳಿದರೆ ನನ್ನ ಉತ್ತರ ಹತ್ತಿಕಟಗಿ. ಗದಗ ಜಿಲ್ಲೆಯ ಮುಖ್ಯ ಕಾಡು ಕಪ್ಪತಗುಡ್ಡ. 2019ರಿಂದ ಅದು ವನ್ಯಜೀವಿಧಾಮ, ಅಲ್ಲಿನ ಕಟ್ಟಿಗೆಗೆ ಕೈಹಾಕುವ ಮಾತೇ ಇಲ್ಲ. ನರಗುಂದ, ರೋಣದ ಬಯಲಿನಲ್ಲಿ ಬದುವಿನ ಗಿಡಗಳನ್ನು ಬಿಟ್ಟರೆ ಮರಗಳೇ ವಿರಳ. ಗೋವಿನಜೋಳದ ಬೆಂಡು, ಸೂರ್ಯಕಾಂತಿ ದಂಟು, ತೊಗರಿ ಕಟ್ಟಿಗೆ ಇವೆಯಾದರೂ ಹತ್ತಿಕಟಗಿಯಷ್ಟು ಗಟ್ಟಿತನವೂ ಪ್ರಮಾಣವೂ ಒಟ್ಟಿಗೆ ಸಿಗುವುದು ಕಷ್ಟ. ಹೆಕ್ಟೇರಿಗೆ ಸುಮಾರು 2ರಿಂದ 3 ಟನ್, ಎಂದರೆ ಎಕರೆಗೆ ಹತ್ತಿರ ಹತ್ತಿರ ಒಂದು ಟನ್ ಕಟಗಿ ಬರುತ್ತದೆ. ಮಳೆಯಾಶ್ರಿತ ಜಯಧರ ಹತ್ತಿಯಲ್ಲಿ ಇದಕ್ಕಿಂತ ಕಡಿಮೆ. ಹತ್ತಿಕಟಗಿಯಿಂದ ಪೆಲೆಟ್ ಮತ್ತು ಬ್ರಿಕೆಟ್ ಮಾಡುವ ವಿಧಾನಗಳ ಮೇಲೆ ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಕೆಲಸ ಮಾಡಿದೆ. ಅದರ ಪ್ರಾದೇಶಿಕ ಘಟಕ ಧಾರವಾಡದಲ್ಲೇ ಇದೆ. ಎರೆಮಣ್ಣಿನ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಬೇರುಸಹಿತ ಕಿತ್ತ ಕಟಗಿಗೆ ಜಿಗುಟು ಮಣ್ಣಿನ ಹೆಂಟೆ ಅಂಟಿರುತ್ತದೆ. ಅದನ್ನು ಹಾಗೇ ಚೂರು ಮಾಡುವ ಯಂತ್ರಕ್ಕೆ ಕೊಟ್ಟರೆ ಯಂತ್ರದ ಹಲ್ಲೂ ಸವೆಯುತ್ತದೆ, ಬೂದಿಯೂ ದುಪ್ಪಟ್ಟಾಗುತ್ತದೆ. ಬೇರಿನ ಗಡ್ಡೆಯನ್ನು ಕತ್ತರಿಸಿ ಅಥವಾ ಒಣಗಿದ ಮೇಲೆ ಬಡಿದು ಮಣ್ಣು ಉದುರಿಸಿ ಕೊಟ್ಟ ರೈತರಿಗೆ ಹೆಚ್ಚಿನ ದರ ಸಿಗಬೇಕು. ಪೆಲೆಟ್ ಘಟಕದವರು ಹಾಗೆ ದರ ಕಟ್ಟಿದರೆ ಮಾತ್ರ ಒಳ್ಳೆಯ ಮಾಲು ಬರುತ್ತದೆ. ಕಾಲವೂ ನಮಗೆ ಅನುಕೂಲವಾಗಿದೆ. ಹತ್ತಿ ಮುಗಿದ ಬೆನ್ನಿಗೇ ಬೇಸಿಗೆ ಬರುವುದರಿಂದ ಬಿಸಿಲೇ ಕಟಗಿಯನ್ನು ಒಣಗಿಸಿಕೊಡುತ್ತದೆ.

ಹತ್ತಿಕಟಗಿಯನ್ನು ಬೇಗ ಚೂರು ಮಾಡುವುದಕ್ಕೆ ಇನ್ನೊಂದು ಕಾರಣವಿದೆ, ಅದು ರೈತರಿಗೆ ಪೆಲೆಟಿಗಿಂತ ದೊಡ್ಡದು. ಗುಲಾಬಿ ಕಾಯಿಕೊರಕ ಹುಳು ಕಟಗಿಯಲ್ಲಿ ಉಳಿದ ಒಣಕಾಯಿಗಳಲ್ಲಿ ಅಡಗಿ ಮುಂದಿನ ಹಂಗಾಮಿಗೆ ದಾಟುತ್ತದೆ. ಹೊಲದ ಮಗ್ಗುಲಲ್ಲಿ ಮುಂಗಾರಿನವರೆಗೆ ಬಣವೆ ಹಾಕಿಡುವುದೆಂದರೆ ಕೀಟಕ್ಕೆ ಆಸರೆ ಕೊಟ್ಟಂತೆ. ಸುಟ್ಟರೆ ಕೀಟ ಸಾಯುತ್ತದೆ ನಿಜ, ಆದರೆ ಒಂದು ಟನ್ ಉರುವಲೂ ಅದರ ಜೊತೆಗೇ ಹೋಗುತ್ತದೆ. ಮುಂಗಾರಿಗೆ ಮೊದಲೇ ಚೂರು ಮಾಡಿ ಪೆಲೆಟ್ ಘಟಕಕ್ಕೆ ಸಾಗಿಸಿದರೆ ಕೀಟದ ಸರಪಳಿಯೂ ಕಡಿಯುತ್ತದೆ, ಕಟಗಿಗೆ ಬೆಲೆಯೂ ಬರುತ್ತದೆ. ಕಟಗಿಯನ್ನು ಹೊಲಕ್ಕೇ ಸೇರಿಸಿದರೆ ಮಣ್ಣಿಗೆ ಒಳ್ಳೆಯದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಯಂತ್ರದಿಂದ ನುಣ್ಣಗೆ ಚೂರು ಮಾಡಿಸಿ ಮಣ್ಣಿಗೆ ಬೆರೆಸುವ ರೈತರು ಅದನ್ನು ಬಿಡಬೇಕಿಲ್ಲ. ಎರೆಭೂಮಿಗೆ ಸಾವಯವ ಅಂಶ ಬೇಕೇ ಬೇಕು. ಇಲ್ಲಿನ ವಾದ ಬೆಂಕಿಗೆ ಹೋಗುತ್ತಿರುವ ಕಟಗಿಯ ಬಗ್ಗೆ ಮಾತ್ರ. ಜೋಳದ ಕಣಿಕೆಗೂ ಶೇಂಗಾ ಬಳ್ಳಿಯ ಹೊಟ್ಟಿಗೂ ಪೆಲೆಟ್ ಯಂತ್ರದ ಆಸೆ ತೋರಿಸಬಾರದು. ಅವು ದನಗಳ ಪಾಲು, ಬರದ ವರ್ಷದಲ್ಲಿ ಅವುಗಳ ಬೆಲೆ ಯಾವ ಉರುವಲಿಗಿಂತಲೂ ಹೆಚ್ಚು.

ಇನ್ನೊಂದು ಪ್ರಶ್ನೆ: ಮನೆಯಲ್ಲೇ ಕಟಗಿ ಪುಕ್ಕಟೆ ಉರಿಯುತ್ತಿರುವಾಗ ಅದನ್ನು ಪುಡಿ ಮಾಡಿ, ಗುಳಿಗೆ ಮಾಡಿ, ದುಡ್ಡು ಕೊಟ್ಟು ಏಕೆ ತರಬೇಕು? ಸ್ವಂತ ಹೊಲ, ಸ್ವಂತ ಕಟಗಿ, ಕಡಿದು ಒಟ್ಟಲು ಆಳು ಇರುವ ಮನೆ ಪೆಲೆಟ್ ಕೊಳ್ಳಬೇಕಾಗಿಯೇ ಇಲ್ಲ. ಅಂಥ ಮನೆಗೆ ಬೇಕಿರುವುದು ಹೊಗೆಯನ್ನು ಮಾಡಿನಾಚೆ ಕಳಿಸುವ ಕೊಳವೆಯಿರುವ ಸುಧಾರಿತ ಒಲೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಶುರುವಾದ ‘ಅಸ್ತ್ರ’ ವಿಭಾಗ ರೂಪಿಸಿದ ಅಸ್ತ್ರ ಒಲೆ ಈ ಕೆಲಸಕ್ಕೆ ಇಂದಿಗೂ ಯೋಗ್ಯ. ಪೆಲೆಟ್ ಇರುವುದು ಉರುವಲನ್ನು ದುಡ್ಡು ಕೊಟ್ಟೇ ತರುವವರಿಗೆ, ಒಟ್ಟಲು ಜಾಗವಿಲ್ಲದವರಿಗೆ, ದಿನಕ್ಕೆ ನೂರಾರು ರೊಟ್ಟಿ ಬಡಿಯುವ ಖಾನಾವಳಿಗೆ. ಅವರ ಲೆಕ್ಕ ಹೀಗೆ. ಒಂದು ಕಿಲೊ ಗ್ಯಾಸಿನಲ್ಲಿ ಸುಮಾರು 11,000 ಕಿಲೊಕ್ಯಾಲರಿ ಇದೆ, ಒಳ್ಳೆಯ ಬರ್ನರಿನಲ್ಲಿ ಅದರ ಶೇ 65ರಷ್ಟು ಪಾತ್ರೆಗೆ ತಲುಪುತ್ತದೆ ಎಂದಿಟ್ಟುಕೊಳ್ಳೋಣ. ಫ್ಯಾನ್ ಇರುವ ಕಟ್ಟಿಗೆ ಒಲೆಯ ದಕ್ಷತೆ ಕನಿಷ್ಠ ಶೇ 35 ಇರಬೇಕೆಂದು 2013ರ ಭಾರತೀಯ ಮಾನಕ ಐಎಸ್ 13152 ಹೇಳುತ್ತದೆ. ಕಿಲೊಗೆ 4,000 ಕಿಲೊಕ್ಯಾಲರಿಯ ಪೆಲೆಟನ್ನು ಅಂಥ ಒಲೆಯಲ್ಲಿ ಉರಿಸಿದರೆ ಒಂದು ಕಿಲೊ ಗ್ಯಾಸಿನ ಕೆಲಸಕ್ಕೆ ಸುಮಾರು 5 ಕಿಲೊ ಪೆಲೆಟ್ ಬೇಕಾಗುತ್ತದೆ. 19 ಕಿಲೊದ ವಾಣಿಜ್ಯ ಸಿಲಿಂಡರಿಗೆ ಬದಲು ಹೆಚ್ಚುಕಡಿಮೆ 95ರಿಂದ 100 ಕಿಲೊ. ಇಂದಿನ ಸಿಲಿಂಡರ್ ದರವನ್ನು 100ರಿಂದ ಭಾಗಿಸಿದಾಗ ಬರುವ ಮೊತ್ತಕ್ಕಿಂತ ಪೆಲೆಟಿನ ಕಿಲೊ ದರ ಸಾಕಷ್ಟು ಕಡಿಮೆ ಇದ್ದರೆ ಮಾತ್ರ ಬದಲಾವಣೆಗೆ ಅರ್ಥವಿದೆ. ಬೂದಿ ತೆಗೆಯುವ, ಚೀಲ ಹೊರುವ ಕೂಲಿಯನ್ನೂ ಸೇರಿಸಿಯೇ ನೋಡಬೇಕು. ಮನೆಬಳಕೆಯ ಸಬ್ಸಿಡಿ ಸಿಲಿಂಡರಿನ ಎದುರು ಪೆಲೆಟ್ ಗೆಲ್ಲುವುದು ಕಷ್ಟ. ಊರ್ಜಾ ಒಲೆಗೆ ಆದದ್ದನ್ನು ನೋಡಿದವರಿಗೆ ಇದು ಗೊತ್ತಿರಬೇಕು. ರೈತರ ಕಡೆಯಿಂದ ನೋಡಿದರೆ, ಎಕರೆಯ ಒಂದು ಟನ್ ಕಟಗಿಯಲ್ಲಿ ನಷ್ಟ ಕಳೆದು 850 ಕಿಲೊ ಪೆಲೆಟ್ ಬಂದರೂ ಅದು ಎಂಟೊಂಬತ್ತು ವಾಣಿಜ್ಯ ಸಿಲಿಂಡರುಗಳಿಗೆ ಸಮ. ಹೊಲದಲ್ಲಿ ಕಡ್ಡಿ ಗೀರುವ ಮುನ್ನ ಈ ಲೆಕ್ಕ ನೆನಪಿರಲಿ.

ಇಲ್ಲಿಯವರೆಗಿನ ಮಾತು ಹಂಚಿನ ಕೆಳಗೆ, ಪಾತ್ರೆಯ ಕೆಳಗೆ ಉರಿಯುವ ಪೆಲೆಟಿನದು. ಆಹಾರಕ್ಕೆ ಹೊಗೆ ನೇರವಾಗಿ ತಾಗುವ ಅಡುಗೆಗೆ ನಿಯಮ ಬೇರೆ, ಅಲ್ಲಿ ನಾನು ಹತ್ತಿಕಟಗಿಯನ್ನು ಖಂಡಿತ ಬೇಡವೆನ್ನುತ್ತೇನೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೋ ಟ್ರೇಗರ್ 1980ರ ದಶಕದಲ್ಲಿ ರೂಪಿಸಿದ ಪೆಲೆಟ್ ಗ್ರಿಲ್ ಇಂದು ಅಲ್ಲಿನ ಕನ್ನಡ ಕುಟುಂಬಗಳ ಹಿತ್ತಲುಗಳಿಗೂ ಬಂದಿದೆ. ನಮ್ಮ ನಗರಗಳ ಕೆಲವು ಹೋಟೆಲುಗಳೂ ತರಿಸಿಕೊಳ್ಳುತ್ತಿವೆ. ಡಬ್ಬಿಯಲ್ಲಿ ತುಂಬಿದ ಪೆಲೆಟನ್ನು ವಿದ್ಯುತ್ತಿನಿಂದ ತಿರುಗುವ ಸುರುಳಿ ಸ್ವಲ್ಪ ಸ್ವಲ್ಪವಾಗಿ ಉರಿಬಟ್ಟಲಿಗೆ ತಳ್ಳುತ್ತದೆ, ಫ್ಯಾನ್ ಗಾಳಿ ಕೊಡುತ್ತದೆ, ಶಾಖವೂ ಹೊಗೆಯೂ ಸೇರಿ ಆಹಾರ ಬೇಯುತ್ತದೆ. ತಾಸುಗಟ್ಟಲೆ ಹೊಗೆ ಕುಡಿಯುವ ಬದನೆಕಾಯಿ, ತೆನೆ, ಪನೀರು, ಮಾಂಸಕ್ಕೆ ಪೆಲೆಟಿನಲ್ಲಿರುವುದೆಲ್ಲವೂ ಅಂಟುತ್ತದೆ. ಹತ್ತಿ ಹಲವು ಸಲ ಕೀಟನಾಶಕ ಸಿಂಪಡಿಸಿಕೊಂಡ ಬೆಳೆ. ಅದರ ಕಟಗಿ ತಿನ್ನುವ ಪದಾರ್ಥದ ಹೊಗೆಗೆ ತಕ್ಕದ್ದಲ್ಲ. ಫರ್ನಿಚರ್ ಅಂಗಡಿಯ ಹೊಟ್ಟಿನಿಂದ ಮಾಡಿದ ಪೆಲೆಟ್ ಅದಕ್ಕಿಂತಲೂ ಕೆಟ್ಟದ್ದು. ಪ್ಲೈವುಡ್, ಎಂಡಿಎಫ್ ಹಲಗೆಯ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಪಾಲಿಶ್ ಮತ್ತು ಬಣ್ಣದ ಪುಡಿಯೂ ಸೇರಿರುತ್ತದೆ. ಬೇವು, ನೀಲಗಿರಿಯ ಹೊಗೆ ಕಹಿಯೂ ಘಾಟೂ ಆದದ್ದು. ಗ್ರಿಲ್ಲಿಗೆ ಬೇಕಾದದ್ದು ಬಣ್ಣ, ಅಂಟು, ಔಷಧ ಯಾವುದೂ ಸೋಕದ ಗಟ್ಟಿಮರದ ಪೆಲೆಟ್. ಚೀಲದ ಮೇಲೆ ಆಹಾರಕ್ಕೆ ಯೋಗ್ಯವೆಂದು ಸ್ಪಷ್ಟವಾಗಿ ಬರೆದಿರಬೇಕು. ಒಂದು ಮರದ ಹೆಸರು ದೊಡ್ಡದಾಗಿ ಅಚ್ಚಾಗಿದ್ದರೂ ಒಳಗೆ ಓಕ್ ಅಥವಾ ಆಲ್ಡರ್ ಮರದ ಹೊಟ್ಟೇ ಹೆಚ್ಚಿರುವುದುಂಟು. ಹೆಸರಿನ ಮರದ ಪ್ರಮಾಣ ಎಷ್ಟೆಂಬುದನ್ನು ಓದಿ ಕೊಳ್ಳಿ.

ಇಲ್ಲಿ ನಮ್ಮ ಬಯಲುಸೀಮೆಗೆ ಸಂಬಂಧಿಸಿದ ಒಂದು ಸಂಗತಿಯನ್ನು ಗಮನಿಸಬೇಕು. ಟೆಕ್ಸಾಸಿನವರು ಗ್ರಿಲ್ಲಿಗೆ ಮೆಚ್ಚುವ ಮೆಸ್ಕೀಟ್ ಮರವೂ ನಮ್ಮ ಹಳ್ಳದ ದಂಡೆ, ರಸ್ತೆಬದಿ, ಬೀಳುಭೂಮಿಯನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿಯೂ ಒಂದೇ ಬಳಗದವು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಖಂಡದ ಕಡೆಯಿಂದ ಬಂದ ಈ ಗಿಡ ಈಗ ಕಿತ್ತಷ್ಟೂ ಚಿಗುರುತ್ತದೆ. ಕಟ್ಟಿಗೆ ಭಾರವಾದದ್ದು, ಇದ್ದಲಿಗೆ ಹೆಸರಾದದ್ದು, ಬೂದಿ ಕಡಿಮೆ. ಪೆಲೆಟಿನ ಸಣ್ಣ ಘಟಕ ಕಟ್ಟಬಯಸುವವರು ಗ್ರಿಲ್ ಪೆಲೆಟಿಗಾಗಿ ಇದನ್ನೇ ಮೊದಲು ನೋಡಬೇಕು. ಮೆಸ್ಕೀಟಿನ ಹೊಗೆ ಖಾರ, ಜಾಲಿಯದೂ ಹಾಗೆಯೇ. ಬೇಗ ಬೇಯುವುದಕ್ಕೆ ಸರಿ, ತಾಸುಗಟ್ಟಲೆಯ ಅಡುಗೆಗೆ ಮೃದುವಾದ ಬೇರೆ ಮರದೊಡನೆ ಬೆರೆಸುವುದು ಲೇಸು.

ಹತ್ತಿಕಟಗಿಯ ಕೆಂಡಕ್ಕೆ ರೊಟ್ಟಿ ಒಡ್ಡಿ ಉಬ್ಬಿಸುವುದು ತಲೆಮಾರುಗಳ ರೂಢಿ, ಈಗೇಕೆ ಹೆದರಿಸುತ್ತೀರಿ ಎಂದು ರೋಣದ ಕಡೆಯ ಹೆಣ್ಣುಮಕ್ಕಳು ಕೇಳಿದರೆ ಅದು ಸರಿಯಾದ ಪ್ರಶ್ನೆ. ಇದಕ್ಕೆ ಎರಡು ಉತ್ತರ. ಹಿಂದಿನ ಜವಾರಿ ಹತ್ತಿಗೆ ಇಷ್ಟೊಂದು ಔಷಧ ಬೀಳುತ್ತಿರಲಿಲ್ಲ. ಎರಡನೆಯದು, ಕೆಂಡದ ಹೊತ್ತಿಗೆ ಕಟ್ಟಿಗೆಯ ಹೊಗೆಯಾಗುವ ಅಂಶವೆಲ್ಲ ಉರಿದು ಹೋಗಿ ಇದ್ದಲು ಮಾತ್ರ ಉಳಿದಿರುತ್ತದೆ, ರೊಟ್ಟಿ ಅದರೆದುರು ನಿಲ್ಲುವುದೂ ಕ್ಷಣಹೊತ್ತು. ಮುಚ್ಚಿದ ಗ್ರಿಲ್ಲಿನಲ್ಲಿ ತಾಸುಗಟ್ಟಲೆ ಹೊಗೆಯಾಡಿಸುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಪೆಲೆಟ್ ಒಲೆಯಲ್ಲೂ ರೊಟ್ಟಿಯನ್ನು ಉರಿಯ ಹೊತ್ತಿನಲ್ಲಿ ಹಂಚಿನ ಮೇಲೆ ಬೇಯಿಸಿ, ಉರಿ ಇಳಿದು ಕೆಂಡವಾದ ಮೇಲೆ ಒಡ್ಡಬೇಕು. ಆ ಹೊತ್ತಿನಲ್ಲಿ ಹೊಸ ಪೆಲೆಟ್ ಸುರಿಯಬಾರದು. ಜೋಳದ ಸೀತನಿ, ಕಡಲೆಯ ಸುಲಗಾಯಿ ಸುಡುವುದಕ್ಕೆ ಮಾತ್ರ ಕುಳ್ಳಿನ ಕೆಂಡವೋ ಜಾಲಿಯ ಕೆಂಡವೋ ಸಾಕು, ಪೆಲೆಟ್ ಬೇಕಿಲ್ಲ. ರೊಟ್ಟಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪೆಲೆಟಿನ ಉರಿ ನಡುವೆಯೇ ಜೋರಾಗಿರುತ್ತದೆ, ತೆಳು ಹಂಚಿನಲ್ಲಿ ರೊಟ್ಟಿಯ ನಡುಭಾಗ ಸೀದು ಅಂಚು ಹಸಿಯಾಗಿ ಉಳಿಯುತ್ತದೆ. ದಪ್ಪ ಕಬ್ಬಿಣದ ಹಂಚು ಬಳಸಿ, ಅದು ಕಾದ ಮೇಲೆ ಫ್ಯಾನಿನ ವೇಗ ಇಳಿಸಿದರೆ ಶಾಖ ಹರಡುತ್ತದೆ.

ಬಳಸುವ ಕ್ರಮ ಕಷ್ಟದ್ದಲ್ಲ, ಆದರೆ ಕಟ್ಟಿಗೆ ಒಲೆಯ ಅಭ್ಯಾಸವನ್ನು ಸ್ವಲ್ಪ ಬದಲಿಸಬೇಕು. ತುಂಬಿ ಉರಿಸುವ ಒಲೆಯನ್ನು ಕೆಳಗಿನಿಂದಲ್ಲ, ಮೇಲಿನಿಂದ ಹೊತ್ತಿಸಬೇಕು; ಎಣ್ಣೆಯಲ್ಲಿ ಅದ್ದಿದ ಅರಳೆ ಸಾಕು, ಸೀಮೆಎಣ್ಣೆ ಬೇಡ. ಉರಿ ಕೆಳಗಿಳಿಯುತ್ತ ಹೋದಂತೆ ಹೊರಬರುವ ಅನಿಲ ಮೇಲಿನ ಗಾಳಿಯಲ್ಲಿ ಉರಿಯುತ್ತದೆ. ನಡುವೆ ಬೊಗಸೆಗಟ್ಟಲೆ ಪೆಲೆಟ್ ಸುರಿದರೆ ಈ ಕ್ರಮ ಕೆಟ್ಟು ಬಿಳಿಹೊಗೆ ಏಳುತ್ತದೆ. ದಟ್ಟ ಬಿಳಿಹೊಗೆ ಎಂದರೆ ಗಾಳಿ ಸಾಲದು ಅಥವಾ ಪೆಲೆಟ್ ತೇವವಾಗಿದೆ ಎಂದರ್ಥ. ಗ್ರಿಲ್ಲಿನಲ್ಲೂ ಬಿಳಿಹೊಗೆ ತೆಳುವಾಗಿ ನೀಲಿಗೆ ತಿರುಗುವವರೆಗೆ ಆಹಾರ ಇಡಬಾರದು. ಫ್ಯಾನಿಗೆ ಕರೆಂಟ್ ಬೇಕು, ನಮ್ಮಲ್ಲಿ ಕರೆಂಟ್ ಹೋಗುತ್ತದೆ. ಸಣ್ಣ ಬ್ಯಾಟರಿಯಿಂದಲೂ ನಡೆಯುವ ಫ್ಯಾನ್ ಇಲ್ಲದ ಒಲೆಯನ್ನು ಈ ಮೂರು ತಾಲ್ಲೂಕಿನಲ್ಲಿ ಯಾರೂ ಕೊಳ್ಳಬಾರದು. ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಪೆಲೆಟ್ ಒಲೆ ಹಚ್ಚುವುದು ಪ್ರಾಣಕ್ಕೆ ಅಪಾಯ.

ಪೆಲೆಟಿಗೆ ನೀರೇ ಶತ್ರು. ಒಮ್ಮೆ ನೆನೆದು ಹೊಟ್ಟಾದದ್ದು ಒಣಗಿಸಿದರೂ ಪೆಲೆಟಾಗುವುದಿಲ್ಲ. ಒಳಗೆ ಪ್ಲಾಸ್ಟಿಕ್ ಹಾಳೆಯಿರುವ ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಆಷಾಢದಿಂದ ಹಿಂಗಾರಿನವರೆಗೆ ಹದಿನೈದು ದಿನಕ್ಕೆ ಬೇಕಾಗುವಷ್ಟನ್ನೇ ತನ್ನಿ. ಗ್ರಿಲ್ಲಿನ ಡಬ್ಬಿಯಲ್ಲಿ ಪೆಲೆಟ್ ಬಿಟ್ಟು ಮಳೆಗಾಲ ಕಳೆದರೆ ಸುರುಳಿಯೊಳಗೆ ಹೊಟ್ಟು ಗಟ್ಟಿಯಾಗಿ ಕೂತು ಯಂತ್ರವೇ ನಿಲ್ಲುತ್ತದೆ. ಬೂದಿಯನ್ನು ಕಬ್ಬಿಣದ ಡಬ್ಬಿಯಲ್ಲಿ ಮುಚ್ಚಳ ಹಾಕಿ ಒಂದು ದಿನ ಆರಲು ಬಿಟ್ಟು ತಿಪ್ಪೆಗೆ ಸೇರಿಸಿ. ಬೂದಿಯಲ್ಲಿ ಪೊಟ್ಯಾಶ್ ಇದೆಯೆಂದು ರಾಶಿಗಟ್ಟಲೆ ಹೊಲಕ್ಕೆ ಚೆಲ್ಲಬೇಡಿ. ನಮ್ಮ ಎರೆಮಣ್ಣು ಮೊದಲೇ ಕ್ಷಾರದ್ದು, ಬೂದಿ ಆ ಕ್ಷಾರವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಒಂದೊಂದೇ ಖಾನಾವಳಿ ಕೇಳಿದರೆ ಯಾವ ಘಟಕವೂ ಹತ್ತಿಕಟಗಿಯ ಮಣ್ಣು ಉದುರಿಸಿ, ಒಣಗಿಸಿ, ದರ್ಜೆ ಮಾಡಿ ಕೊಡುವುದಿಲ್ಲ. ನರಗುಂದದಲ್ಲೋ ಗಜೇಂದ್ರಗಡದಲ್ಲೋ ಹತ್ತು ಖಾನಾವಳಿಯವರು, ಒಂದೆರಡು ಹಾಸ್ಟೆಲಿನವರು ಸೇರಿ ವರ್ಷದ ಬೇಡಿಕೆಯನ್ನು ಬರಹದಲ್ಲಿ ಕೊಟ್ಟು, ಬೂದಿ ಶೇ 6ರೊಳಗೆ, ತೇವ ಶೇ 10ರೊಳಗೆ ಎಂದು ಷರತ್ತು ಹಾಕಿದರೆ ಮಾತು ಬೇರೆಯಾಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಐದು ಕಿಲೊ ಮಾದರಿ ತರಿಸಿ, ಒಂದು ಕಿಲೊ ಉರಿಸಿ, ಬೂದಿ ತೂಗಿ ನೋಡಿ. 60 ಗ್ರಾಂ ಒಳಗೆ ಬಂದರೆ ಮಾತ್ರ ಒಲೆ ನೋಡಲು ಹೋಗಿ.